ತಾರಸಿಯ ಬಾಯಾರಿಕೆ

ಅರಸೀಕೆರೆಯಲ್ಲಿ ನಮ್ಮ ಮನೆ ಕಟ್ಟಿದ ಮೇಸ್ತ್ರಿ ತಾರಸಿಗೆ ನೀರು ಹೀರದ ಔಷಧ ಬಳಿದು, ಚೊಂಬಿನ ನೀರು ಸುರಿದು, ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದ. ಎಣ್ಣೆ ಸವರಿದ ಕಾವಲಿಯ ಮೇಲಿನಂತೆ ಹನಿಗಳು ಉರುಳಿದರೆ, "ಸಿಮೆಂಟಿಗೂ ಬಾಯಾರಿಕೆ ಐತೆ ಸ್ವಾಮಿ, ನಾವೇ ಬಿಡಿಸ್ಬೇಕು" ಎನ್ನುತ್ತಿದ್ದ. ಒಳಗಿನ ಕಬ್ಬಿಣ ತುಕ್ಕು ಹಿಡಿದು ತಾರಸಿ ತಲೆ ಮೇಲೆ ಬೀಳುವುದನ್ನು ದಿನವೂ ಊಹಿಸಿಕೊಳ್ಳುತ್ತಿದ್ದ ನಾನು ಮೂರು ಸಲ ಬಳಿಸಿದೆ. ಗೋಡೆ ನೆನೆದೀತೆಂದು ಮಳೆನೀರು ಹೊರಹೋಗುವ ತೂತನ್ನೂ ಮುಚ್ಚಿಸಿದೆ.

ಮೊದಲ ಮಳೆಗೇ ತಾರಸಿ ಕೆರೆಯಾಯಿತು. ಈಗ ಭಾರಕ್ಕೇ ಕುಸಿಯುತ್ತದೆಂದು ಅವನನ್ನು ಕರೆಸಿದೆ. ಅವನು ಒಳಗಿನಿಂದ ಸೂರು ಸವರಿ, "ಒಂದ್ ತೊಟ್ಟೂ ಕುಡ್ದಿಲ್ಲ ನೋಡಿ!" ಎಂದು ಬೀಗಿದ.

"ತೂತು ಮುಚ್ಚುವಾಗ ಹೇಳಬಾರದಿತ್ತೇನಯ್ಯಾ?"

"ನಿಮ್ ಭಯಕ್ಕೆ ಬಳಿಯೋ ಔಷಧ ಎಲ್ಲೈತೆ ಸ್ವಾಮಿ?" ಎಂದು ಉಳಿ ಎತ್ತಿಕೊಂಡ.

ಇಂದಿಗೂ ನಮ್ಮ ಮನೆಯಲ್ಲಿ ಜಿನುಗುವುದು ಅವನು ಅಂದು ಕೊರೆದ ತೂತಿನ ಸುತ್ತ ಮಾತ್ರ. ಔಷಧ ಬಳಿಸೋಣವೆಂದರೆ, ತೂತು ಮತ್ತೆಲ್ಲಿ ಮುಚ್ಚಿಹೋಗುತ್ತದೋ ಎಂಬ ಭಯ.