ದೇವರ ಜೊತೆ ಹೋಗಿ

ನಮ್ಮಮ್ಮನಿಗೆ ಪೋರ್ಚುಗೀಸ್ ಬರುತ್ತದೆ ಎಂದರೆ ಮೈಸೂರಿನ ನೆಂಟರು ನಗುತ್ತಾರೆ. ಬರುವುದು ನಾಲ್ಕೇ ಮಾತು, ಅವೂ ಬರೀ ಉತ್ತರಗಳು. ಈ ಪರದೇಶದಲ್ಲಿ, ಕ್ರಾಸ್‌ರೋಡ್ಸ್ ಎಂಬ ಬಡಾವಣೆಯ ಅಪಾರ್ಟ್‌ಮೆಂಟಿನಲ್ಲಿ, ನಮ್ಮ ಎದುರುಮನೆಯವರು ಬ್ರೆಜಿಲ್‌ನ ಹೆಂಗಸು, ಅಮ್ಮನ ವಾರಿಗೆಯವರು. ಈ ಊರಲ್ಲಿ ಅವರಿಗೆ ನಮ್ಮನ್ನು ಬಿಟ್ಟರೆ ಯಾರೂ ಇಲ್ಲ. ಅವರು ಬೆಳಗಿನ ನಮಸ್ಕಾರವಾಗಿ ‘ಬೋಂ ಜಿಯ’ ಎಂದರೆ ಅಮ್ಮನೂ ‘ಬೋಂ ಜಿಯ’. ಭಾನುವಾರ ಚೆನ್ನಾಗಿ ಕಳೆಯಲಿ ಎಂದು ಹಾರೈಸಿದರೆ ‘ಇಗ್ವಾಲ್‌ಮೆಂಚಿ’, ಅಂದರೆ ನಿಮಗೂ ಹಾಗೇ ಆಗಲಿ. ಹೊರಡುವಾಗ ಅವರು ‘ಫೀಕಾ ಕೋಂ ದೇವುಸ್’ ಎನ್ನುತ್ತಾರೆ. ಅಮ್ಮ ಗಿಳಿಯ ಹಾಗೆ ‘ವಾಯ್ ಕೋಂ ದೇವುಸ್’ ಎನ್ನುತ್ತಾಳೆ. ಆ ಉತ್ತರ ಕಿವಿಗೆ ಬಿದ್ದ ಮೇಲೇ ಅವರು ಮೆಟ್ಟಿಲಿಳಿಯುವುದು.

ಅವತ್ತು ಅವರ ಹಾರ್ಟ್ ಆಪರೇಷನ್. ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾದವಳು ನಾನು. ಬೆಳಗಿನ ಕಾಫಿಯ ಹೊತ್ತಿಗೆ ಅಮ್ಮ ಕೇಳಿದಳು, “ಅಲ್ವೇ, ಅವರು ಹೊರಡೋವಾಗ ದಿನಾ ಹೇಳ್ತೀನಲ್ಲ, ಅದರರ್ಥ ಏನೇ?”

“ಅವರು ದೇವರ ಜೊತೆ ಇರಿ ಅಂತಾರೆ. ನೀನು ದೇವರ ಜೊತೆ ಹೋಗಿ ಅಂತೀಯ.”

ಅಮ್ಮ ಲೋಟ ಕೆಳಗಿಟ್ಟಳು. “ಅಯ್ಯೋ, ಬಿಡ್ತು ಅನ್ನು! ಆಪರೇಷನ್‌ಗೆ ಹೊರಟವರಿಗೆ ಯಾರಾದ್ರೂ ಹಾಗಂತಾರೇನೇ?”

“ಅವರಲ್ಲಿ ಅದು ಒಳ್ಳೇ ಮಾತು ಕಣಮ್ಮ.”

“ಅವರಲ್ಲಿ ಇರಬಹುದು. ಇವತ್ತು ನನ್ನ ಬಾಯಲ್ಲಿ ಬರಲ್ಲ.”

ನಮ್ಮ ಮನೆಯಲ್ಲಿ ಹಾಲು ತರಲು ಹೋಗುವವರೂ ‘ಹೋಗ್ತೀನಿ’ ಎನ್ನುವ ಹಾಗಿಲ್ಲ, ‘ಹೋಗ್ಬರ್ತೀನಿ’ ಎನ್ನಬೇಕು. ಗೊತ್ತಿದ್ದೂ ನನಗೆ ರೇಗಿತು.

ಎದುರಿನ ಬಾಗಿಲು ತೆರೆಯಿತು. ಕೈಯಲ್ಲೊಂದು ಚಿಕ್ಕ ಬ್ಯಾಗು, ಮುಖದಲ್ಲಿ ರಕ್ತವೇ ಇಲ್ಲ. ಅಮ್ಮನನ್ನು ನೋಡಿ, “ಫೀಕಾ ಕೋಂ ದೇವುಸ್,” ಎಂದರು. ಅಮ್ಮ ತುಟಿ ಬಿಚ್ಚಲಿಲ್ಲ. ಅವರು ಇನ್ನೊಮ್ಮೆ, ಮೆಲ್ಲಗೆ ಹೇಳಿದರು. ಹರಸುವವರೇ ಇಲ್ಲದೆ ಹೊರಡಬೇಕಾಯಿತಲ್ಲ ಎಂಬ ಭಯ ಅವರ ಕಣ್ಣಲ್ಲೇ ಕಾಣುತ್ತಿತ್ತು. ಹೊತ್ತು ಬೇರೆ ಮೀರುತ್ತಿತ್ತು.

“ಅಮ್ಮಾ, ಹೇಳಿ ಕಳಿಸು!” ಎಂದು ಕಿರುಚಿಯೇಬಿಟ್ಟೆ.

“ಬರೀ ಹೋಗಿ ಅಂತ ಹೆಂಗೇ ಹೇಳ್ಲಿ? ವಾಪಸ್ ಬನ್ನಿ ಅನ್ನೋದಕ್ಕೆ ಅವರು ಏನಂತಾರೆ? ಅದನ್ನ ಹೇಳ್ಕೊಡು.”

“ವೋಲ್ಟ.”

ಅಮ್ಮ ಅವರ ಎರಡೂ ಕೈ ಹಿಡಿದುಕೊಂಡಳು. “ವಾಯ್ ಕೋಂ ದೇವುಸ್,” ಎಂದವಳೇ, “ವೋಲ್ಟ. ಬರಲೇಬೇಕು, ತಿಳೀತಾ?” ಎಂದು ಕನ್ನಡದಲ್ಲೇ ಗದರಿಸಿದಳು. ಅವರು ತಲೆಯಾಡಿಸಿದರು.

ಡಾಕ್ಟರ್ ಹೇಳಿದ್ದ ಹೊತ್ತು ದಾಟಿದರೂ ಆಪರೇಷನ್ ಮುಗಿಯಲಿಲ್ಲ. ಅಮ್ಮ ಮೇಲಿಂದ ಮೇಲೆ ಕಾಲ್ ಮಾಡುತ್ತಿದ್ದಳು. “ಆ ಮಾತು ಹೇಳಬಾರದಿತ್ತು ಕಣೇ,” ಎಂದು ಒಂದೇ ಹಲುಬಾಟ. ಊಟ ಮಾಡು ಎಂದರೆ ಫೋನ್ ಇಟ್ಟುಬಿಡುತ್ತಿದ್ದಳು. ಕೊನೆಗೆ ನರ್ಸ್ ಬಂದು ಎಲ್ಲ ಸರಿಯಾಯಿತು ಎಂದಾಗ ಮೊದಲು ಅಮ್ಮನಿಗೆ ಕಾಲ್ ಮಾಡಿದೆ.

ಮುಂದಿನ ವಾರ ಅವರನ್ನು ಕರೆತಂದೆ. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದವರು ತಮ್ಮ ಮನೆಗೆ ಹೋಗಲಿಲ್ಲ, ನಮ್ಮ ಬಾಗಿಲು ತಟ್ಟಿದರು. ಅಮ್ಮ ತೆರೆದಳು.

“ವೋಲ್ಟೇಯ್,” ಎಂದರು. ಬಂದೆ ಎಂದು.

ಅದಕ್ಕೆ ಏನು ಉತ್ತರ ಹೇಳಬೇಕೆಂದು ಅಮ್ಮನಿಗೆ ಯಾರೂ ಕಲಿಸಿರಲಿಲ್ಲ. ಬಾಗಿಲು ಹಿಡಿದುಕೊಂಡೇ ಅತ್ತುಬಿಟ್ಟಳು.