ಕಟ್ಟಿದವರ ಕೈ ಮೊದಲು

ನಮ್ಮ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಎರಡು ಸದ್ದು ಯಾವತ್ತೂ ನಿಲ್ಲುವುದಿಲ್ಲವಂತೆ. ಒಂದು ಬಟ್ಟೆ ಒಗೆಯುವ ಯಂತ್ರದ್ದು, ಇನ್ನೊಂದು ನನ್ನ ಬಾಯಿಯದ್ದು. ಹೀಗೆ ಹೇಳಿದವರು ನನ್ನ ಅತ್ತಿಗೆ. ನಾನು ಅಲ್ಲಿ ರೋಗಿಗಳ ಹಾಸು ಹೊದಿಕೆಗೆ ಇಸ್ತ್ರಿ ಹಾಕುವವಳು. ಅತ್ತಿಗೆ ಅದೇ ಕಟ್ಟಡದಲ್ಲಿ ಗಾಜಿನ ಎಳೆಯ ಕೇಬಲ್ ನೋಡಿಕೊಳ್ಳುವವರು. ಎಕ್ಸರೇ ಚಿತ್ರ ಡಾಕ್ಟರ ಮೇಜಿಗೆ ಹೋಗುವುದು ಆ ಕೇಬಲ್ಲಿನಲ್ಲೇ. ಎಲ್ಲರೂ ಅವರನ್ನು ಗಾಜಿನಕ್ಕ ಅನ್ನುತ್ತಾರೆ.

ನನ್ನ ಇಸ್ತ್ರಿ ಮೇಜಿನ ನೇರಕ್ಕೆ, ಸೂರಿನ ಕೆಳಗೆ, ಕಬ್ಬಿಣದ ಕೇಬಲ್ ಟ್ರೇ ಹಾದುಹೋಗಿದೆ. ಏಣಿಯೊಂದನ್ನು ಅಡ್ಡ ಮಲಗಿಸಿ ನೇತುಹಾಕಿದ ಹಾಗೆ ಕಾಣುತ್ತದೆ. ಗಾಜಿನ ಕೇಬಲ್ ಅದರಲ್ಲಿ, ಕರೆಂಟಿನ ಕೇಬಲ್ ಅದರ ಪಕ್ಕದಲ್ಲಿ. ಟ್ರೇಯ ಒಂದು ತುಂಡಿಗೂ ಇನ್ನೊಂದಕ್ಕೂ ನಡುವೆ ತಾಮ್ರದ ಗಿಡ್ಡ ಪಟ್ಟಿ ಬಿಗಿದಿರುತ್ತಾರೆ. ಕರೆಂಟಿನ ಕೇಬಲ್ ಎಲ್ಲಾದರೂ ಸುಲಿದು ಟ್ರೇಗೆ ತಾಗಿದರೆ, ಆ ಪಟ್ಟಿಗಳ ಮೂಲಕ ಕರೆಂಟು ಸೀದಾ ನೆಲಕ್ಕಿಳಿದು, ಸ್ವಿಚ್ಚು ತಾನೇ ಬಿದ್ದು ಲೈನು ನಿಲ್ಲುತ್ತದೆ. ನಡುವೆ ಒಂದೇ ಒಂದು ಪಟ್ಟಿ ಇಲ್ಲದಿದ್ದರೂ ಲೈನು ನಿಲ್ಲುವುದಿಲ್ಲ. ಕರೆಂಟು ಟ್ರೇಯಲ್ಲೇ ಕೂತು, ಯಾರ ಕೈ ಬರುತ್ತದೋ ಅಂತ ಕಾಯುತ್ತದೆ.

ಬಂದದ್ದು ನನ್ನಣ್ಣನ ಕೈ, ಆಗ ಕೇಬಲ್ ಕೆಲಸ ಅವನದಾಗಿತ್ತು. ಹೊಸ ಗಾಜಿನ ಕೇಬಲ್ ಹಾಕಲು ಟ್ರೇ ಸರಿಸಬೇಕಿತ್ತು, ಅದಕ್ಕೆ ಪಟ್ಟಿ ಬಿಚ್ಚಿದವನು ಮೇಸ್ತ್ರಿ. ಬಿಚ್ಚಿದವನು ತಿರುಗಿ ಕಟ್ಟಬೇಕು ತಾನೆ? "ಗಾಜಲ್ವಾ, ಇದ್ರಲ್ಲಿ ಕರೆಂಟೆಲ್ಲಿಂದ ಬರುತ್ತೆ, ಊಟ ಮಾಡ್ಕೊಂಡು ಬಂದು ಕಟ್ಟಿದ್ರಾಯ್ತು" ಅಂದನಂತೆ. ಅವನು ಊಟದಿಂದ ಬರುವ ಮೊದಲೇ ಪಕ್ಕದ ಕರೆಂಟಿನ ಕೇಬಲ್ ಸುಲಿದು ತಾಗಿದ್ದ ಟ್ರೇಯನ್ನು ಅಣ್ಣ ಏಣಿ ಹತ್ತಿ ಹಿಡಿದಿದ್ದ. ನಾನು ಕೆಳಗೇ ಇದ್ದೆ. ಅವನು ಬಿದ್ದದ್ದು ನನ್ನ ಮಡಿಸಿದ ಹಾಸುಗಳ ಮೇಲೆ. ಅದಕ್ಕಿಂತ ಹೆಚ್ಚು ನನ್ನನ್ನು ಕೇಳಬೇಡಿ.

ಈ ಮೇಸ್ತ್ರಿ ಬೇರೆ ಯಾರೋ ಆಗಿದ್ದರೆ ಒಂದು ಮಾತು. ಅಣ್ಣನ ಜೀವದ ಗೆಳೆಯ, ನಮ್ಮ ಅಡುಗೆಮನೆಗೆ ನುಗ್ಗಿ ತಟ್ಟೆ ತಾನೇ ತೆಗೆದುಕೊಳ್ಳುತ್ತಿದ್ದವನು. ಅತ್ತಿಗೆಗೆ ಒಡಹುಟ್ಟಿದವರಿರಲಿಲ್ಲ. ಅವನನ್ನೇ "ಅಣ್ಣಾ" ಅಂತ ಬಾಯಿತುಂಬ ಕರೆಯುತ್ತಿದ್ದರು. ಆ ದಿನದ ನಂತರ ಅವರ ಬಾಯಲ್ಲಿ ಅವನು ಬರೀ ಮೇಸ್ತ್ರಿಯಾದ. ನನ್ನ ಬಾಯಲ್ಲಿ ಏನಾದ ಅನ್ನುವುದನ್ನು ಬರೆಯುವ ಹಾಗಿಲ್ಲ.

ವಿಚಾರಣೆಯಲ್ಲಿ ಅವನು ಸುಳ್ಳು ಹೇಳಲಿಲ್ಲ. "ಬಿಚ್ಚಿದ್ದೂ ನಾನೇ, ಕಟ್ಟದೆ ಹೋಗಿದ್ದೂ ನಾನೇ" ಅಂದ. ಅವನನ್ನು ಮನೆಗೆ ಕಳಿಸುವುದೋ ಇಟ್ಟುಕೊಳ್ಳುವುದೋ ಅಂತ ದೊಡ್ಡವರು ಅತ್ತಿಗೆಯನ್ನೇ ಕೇಳಿದರು. ಓಡಿಸಿ ಅನ್ನುತ್ತಾರೆ ಅಂತ ನಾನು ಕಾದಿದ್ದೆ.

"ಇರ್ಲಿ. ಇನ್ನೊಂದ್ಸಲ ಈ ತಪ್ಪು ಮಾಡದೇ ಇರೋರು ಇಲ್ಲಿ ಅವರೊಬ್ಬರೇ" ಅಂದರು ಅತ್ತಿಗೆ.

ಸಾಲದ್ದಕ್ಕೆ, ಅಣ್ಣನ ಬದಲಿಗೆ ಕಚೇರಿಯಲ್ಲಿ ಕುರ್ಚಿ ಮೇಲೆ ಕೂರುವ ಕೆಲಸ ಕೊಡುತ್ತೇವೆ ಅಂದರೆ ಅದನ್ನೂ ಬೇಡ ಅಂದರು. ಕೇಬಲ್ ಕೆಲಸವೇ ಬೇಕಂತೆ.

"ಅತ್ತಿಗೆ, ನಿಮಗೆ ತಲೆಗಿಲೆ ಕೆಟ್ಟಿದ್ಯಾ?" ಅಂದೆ.

"ನಿಮ್ಮಣ್ಣನ ಜೀವ ತಗೊಂಡಿದ್ದು ಏನು ಅಂತ ನಂಗೆ ಪೂರ್ತಿ ಗೊತ್ತಾಗ್ಬೇಕು ಕಣೇ. ಗೊತ್ತಾಗದೆ ಮಲಗಕ್ಕಾಗಲ್ಲ."

ಕಲಿತರು. ಕಲಿತದ್ದಷ್ಟೇ ಅಲ್ಲ, ನಮ್ಮೆಲ್ಲರ ಪ್ರಾಣ ಹಿಂಡಿದರು. ಗಾಜಿನ ಎಳೆ ಕತ್ತರಿಸಿದಾಗ ಉದುರುವ ಚೂರು ಕೂದಲಿಗಿಂತ ಸಣ್ಣದು. ಚರ್ಮಕ್ಕೆ ಹೊಕ್ಕರೆ ಸಿಗುವುದಿಲ್ಲ, ಹೊಟ್ಟೆಗೆ ಹೋದರೆ ದೇವರೇ ಗತಿ. ಹಾಗಾಗಿ ಅವರ ಮೇಜಿಗೆ ಕಪ್ಪು ಹಾಸು, ಪ್ರತಿ ಚೂರನ್ನೂ ಅಂಟುಪಟ್ಟಿಗೆ ಒತ್ತಿ ತಿರುಪಿನ ಮುಚ್ಚಳದ ಡಬ್ಬಿಗೆ ಹಾಕುವುದು, ಆ ಕೋಣೆಯಲ್ಲಿ ಒಂದು ಗುಟುಕು ಚಹಾ ಕೂಡ ಇಲ್ಲ. ನಾನೊಮ್ಮೆ ಕಡಲೆಕಾಯಿ ತಿನ್ನುತ್ತ ಒಳಗೆ ಹೋಗಿ ಬೈಸಿಕೊಂಡದ್ದು ಮೂರನೇ ಮಹಡಿಗೂ ಕೇಳಿಸಿತಂತೆ. ಎಳೆಯ ತುದಿಗೆ ಕಣ್ಣಿಟ್ಟು ನೋಡುವವರನ್ನು ಕಂಡರೆ ಮೈಮೇಲೆ ಬಂದವರ ಹಾಗೆ ಆಡುತ್ತಿದ್ದರು. "ಅದ್ರೊಳಗಿನ ಬೆಳಕು ಕಾಣಲ್ಲ ಕಣ್ರೋ, ಕಾಣದೇನೇ ಕಣ್ಣು ತಿನ್ನುತ್ತೆ!"

ಟ್ರೇ ವಿಷಯದಲ್ಲಂತೂ ಕೇಳುವುದೇ ಬೇಡ. ಪಟ್ಟಿ ಬಿಗಿಯುವ ಜಾಗದಲ್ಲಿ ಬಣ್ಣವನ್ನೆಲ್ಲ ಕೆರೆದು, ಕಬ್ಬಿಣ ಹೊಳೆಯುವ ತನಕ ಉಜ್ಜಿಸುತ್ತಿದ್ದರು. ಬಣ್ಣದ ಮೇಲೆ ಬಿಗಿದ ಪಟ್ಟಿ ಇದ್ದೂ ಇಲ್ಲದ ಹಾಗೆ ಅನ್ನುತ್ತಿದ್ದರು. ಆಮೇಲೆ ಮೀಟರಿನಲ್ಲಿ ನೋಡಬೇಕು. ಮೀಟರ್ ಸರಿ ಅಂದ ಮೇಲೆ ಕರೆಂಟು ಬಿಡಬೇಕು. ಆಗ ಟ್ರೇ ಮೇಲೆ ಮೊದಲು ಕೈಯಿಡಬೇಕಾದವರು ಪಟ್ಟಿ ಕಟ್ಟಿದವರೇ. ಅವರ ಕೈ ಇಳಿಯದೆ ಬೇರೆ ಯಾರೂ ಮುಟ್ಟುವಂತಿಲ್ಲ. ಕಟ್ಟಿದವರ ಕೈ ಮೊದಲು. ಇದು ಅತ್ತಿಗೆ ಮಾಡಿದ ಕಟ್ಟಳೆ. ಅಲ್ಲಿಂದೀಚೆಗೆ ಅದನ್ನು ಮೀರಿದ್ದು ಒಂದೇ ಸಲ.

ಮೇಸ್ತ್ರಿಯೂ ಎಲ್ಲ ಕಡೆ ಕಟ್ಟಿದ, ಕೈಯಿಟ್ಟ. ನನ್ನ ಮೇಜಿನ ಮೇಲಿನ ಆ ಒಂದು ಕೂಡಿಕೆಯನ್ನು ಮಾತ್ರ ಅತ್ತಿಗೆ ಅವನಿಗೆ ಬಿಟ್ಟುಕೊಡಲಿಲ್ಲ. ಅದನ್ನು ತಾವೇ ಬಿಚ್ಚುವುದು, ತಾವೇ ಕಟ್ಟುವುದು. ಅಷ್ಟು ವರ್ಷ ಅವನು ಆ ಟ್ರೇ ಕೆಳಗೆ ತಲೆ ತಗ್ಗಿಸಿಕೊಂಡೇ ಓಡಾಡಿದ. ನಾನು ಅವನ ಜೊತೆ ಮಾತು ಬಿಟ್ಟಿದ್ದೆ. ಅವನ ಕೂದಲು ಬೆಳ್ಳಗಾಯಿತು, ಕೈ ನಡುಗತೊಡಗಿತು. ಕೆಲಸ ಬಿಟ್ಟು ಹೋಗುವ ಮೊದಲು ಅತ್ತಿಗೆ ತನ್ನನ್ನು ಒಮ್ಮೆ ನಂಬಲಿ, ಅಷ್ಟು ಸಾಕು ಅಂತ ಯಾರ ಹತ್ತಿರವೋ ಹೇಳಿಕೊಂಡಿದ್ದನಂತೆ. ಕೇಳಿ ನಾನು ನಕ್ಕಿದ್ದೆ. ಒಳ್ಳೆಯ ನಗುವಲ್ಲ ಅದು.

ಅವನ ಕೆಲಸದ ಕೊನೆಯ ದಿನ ಹೊಸ ಕೇಬಲ್ ಬಂತು. ನನ್ನ ಮೇಜಿನ ಮೇಲಿನ ಟ್ರೇಯನ್ನೇ ಬಿಚ್ಚಬೇಕಾಯಿತು. ಕೇಬಲ್ ಹಾಕಿಯಾದ ಮೇಲೆ ಅತ್ತಿಗೆ ಏಣಿ ಹತ್ತುತ್ತಾರೆ ಅಂದುಕೊಂಡರೆ, ತಾಮ್ರದ ಪಟ್ಟಿಯನ್ನು ಮೇಸ್ತ್ರಿಯ ಕಡೆ ಚಾಚಿದರು.

"ಇದನ್ನ ನೀವು ಕಟ್ಟಿ."

"ಅತ್ತಿಗೆ! ಅದೇ ಜಾಗ!" ಅಂತ ಕಿರುಚಿದೆ.

"ಗೊತ್ತು. ನೀನು ಸುಮ್ನಿರು."

ಅವನು ಹತ್ತಿದ. ಬಣ್ಣ ಕೆರೆದ, ಉಜ್ಜಿದ, ಪಟ್ಟಿಯಿಟ್ಟು ಬೋಲ್ಟ್ ತಿರುಗಿಸಿದ. ಸ್ಪ್ಯಾನರು ಕೈಯಿಂದ ಜಾರುತ್ತಿತ್ತು. ಜಾರಿದಾಗಲೆಲ್ಲ ಮತ್ತೆ ಮೊದಲಿಂದ ಬಿಗಿದ. ಅತ್ತಿಗೆ ಎದುರಿನ ಏಣಿ ಹತ್ತಿ ಮೀಟರ್ ಹಿಡಿದರು. ಸರಿಯಿದೆ ಅಂದರು. ಆಚೆ ಕೋಣೆಯವರಿಗೆ ಕೂಗಿ ಹೇಳಿ ಕರೆಂಟು ಬಿಡಿಸಿದರು. ಇನ್ನು ಮೇಸ್ತ್ರಿ ಕೈಯಿಡಬೇಕು. ಅವನು ಕೈಗವಸು ಬಿಚ್ಚಿ ಕಣ್ಣು ಮುಚ್ಚಿಕೊಂಡ. ಕೈ ಎತ್ತಿದವನು ಹಾಗೇ ನಿಂತುಬಿಟ್ಟ.

ಅಷ್ಟರಲ್ಲಿ ಅತ್ತಿಗೆ ತಮ್ಮ ಕೈಗವಸು ಎಳೆದು, ಬರಿಗೈಯನ್ನು ಟ್ರೇ ಮೇಲಿಟ್ಟರು. ಅಣ್ಣ ಹಿಡಿದಿದ್ದ ಅದೇ ಅಂಚು. ತಾವೇ ಮಾಡಿದ ಕಟ್ಟಳೆಯನ್ನು ತಾವೇ ಮುರಿದರು. ಏನೂ ಆಗಲಿಲ್ಲ. ಅವರು ಕೈ ತೆಗೆಯಲೂ ಇಲ್ಲ.

"ಕಣ್ಣು ಬಿಡಿ ಅಣ್ಣಾ. ಚೆನ್ನಾಗಿ ಕಟ್ಟಿದ್ದೀರಿ, ಇಳೀರಿ" ಅಂದರು.

ಆ ಮನುಷ್ಯ ಏಣಿಯ ಮೇಲೆಯೇ ಅತ್ತುಬಿಟ್ಟರು, ಮಕ್ಕಳು ಅಳುವ ಹಾಗೆ. ನನಗೂ ತಡೆಯಲಾಗಲಿಲ್ಲ. ಅಣ್ಣ ಹೋದದ್ದು ಹೋದದ್ದೇ, ಅದನ್ನು ಯಾವ ಪಟ್ಟಿಯೂ ಕಟ್ಟಿಕೊಡುವುದಿಲ್ಲ. ಆದರೆ ಅವರು ಇಳಿಯುವಾಗ ಕಾಲು ತಡವರಿಸುತ್ತಿತ್ತು, ಹತ್ತಿರ ಇದ್ದವಳು ನಾನೊಬ್ಬಳೇ. ಹೋಗಿ ಏಣಿ ಹಿಡಿದುಕೊಂಡೆ.

"ನಿಧಾನ ಮೇಸ್ತ್ರಿ, ಕೊನೇ ಮೆಟ್ಲು ಇನ್ನೂ ಇದೆ" ಅಂದೆ.