ಬೀರುವಿನೊಳಗೇ ಬೀಗದ ಕೈ

ಬೀಗ ರಿಪೇರಿ, ನಕಲಿ ಕೀ ಮಾಡಿಕೊಡೋದು ನನ್ನ ಕಸುಬು. ಅಂಗಡಿಗೆ ಬಂದವರಿಗೆಲ್ಲ ಕೀ ಜೊತೆಗೆ ಬಿಟ್ಟಿ ಉಪದೇಶವೂ ಸಿಗುತ್ತೆ: "ಇನ್ನೊಂದು ಕೀನ ಅದೇ ಬೀರುವಿನೊಳಗೆ ಇಟ್ಟು ಬೀಗ ಹಾಕಬೇಡಿ ಸ್ವಾಮಿ, ಬೇರೆ ಕಡೆ ಇಡಿ." ಇಂಥ ಮಹಾಜ್ಞಾನಿ ತನ್ನ ಮನೆಯಲ್ಲಿ ಏನು ಮಾಡಿದ ಅಂತ ಕೇಳಿ.

ನಮ್ಮ ಕಂಪ್ಯೂಟರ್ ಆಮೆ ಥರ ತೆವಳೋಕೆ ಶುರು ಮಾಡಿತ್ತು. ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿದರೆ ಸರಿಹೋಗುತ್ತೆ, ತನ್ನಿ ಹಾಕಿಕೊಡ್ತೀನಿ ಅಂದ ಪಕ್ಕದ ಅಂಗಡಿಯ ಕಂಪ್ಯೂಟರ್ ರಿಪೇರಿಯವನು. ಎಂತೆಂಥ ಬೀಗ ಬಿಚ್ಚಿದವನು ನಾನು, ಈ ಡಬ್ಬ ನನಗ್ಯಾವ ಲೆಕ್ಕ! ಸಿಸ್ಟಮ್ ಇರೋ ಪೆನ್‌ಡ್ರೈವ್ ಮಾತ್ರ ಈಸಿಕೊಂಡು ಮನೆಗೆ ಬಂದೆ.

"ರೀ, ಅಮ್ಮನ ಧ್ವನಿ ಅದರೊಳಗಿದೆ, ಹುಷಾರು" ಅಂದಳು ಹೆಂಡತಿ.

ನಮ್ಮತ್ತೆ ಕೊನೇವರೆಗೂ ನಮ್ಮ ಜೊತೇಲೇ ಇದ್ದವರು. ಅವರ ಮಾತು, ಹರಟೆಯನ್ನೆಲ್ಲ ಇವಳು ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದಳು. ಅವರು ತೀರಿಕೊಂಡ ಮೇಲೆ, ತರಕಾರಿ ಹೆಚ್ಚುವಾಗ ಹಾಕಿಕೊಂಡು ಕೇಳ್ತಿದ್ದಳು. ಅದರಲ್ಲಿ ಮುಕ್ಕಾಲು ಪಾಲು ನನಗೇ ಮಂಗಳಾರತಿ.

"ನಕಲು ಮಾಡೋದನ್ನ ನನಗೇ ಹೇಳಿಕೊಡ್ತೀಯಾ?" ಅಂತ ಬೀಗಿದೆ. 'ಜೋಪಾನ' ಅಂತ ಒಂದು ಫೋಲ್ಡರ್ ಮಾಡಿ, ಎಲ್ಲವನ್ನೂ ಅದಕ್ಕೆ ತುಂಬಿದೆ. ಆ ಫೋಲ್ಡರ್ ಇದ್ದದ್ದು ಅದೇ ಕಂಪ್ಯೂಟರಿನಲ್ಲಿ. ಡಿಸ್ಕಿನಲ್ಲಿರೋದೆಲ್ಲ ಅಳಿಸಲಾ ಅಂತ ಹೊಸ ಸಿಸ್ಟಮ್ ಕೇಳಿತು. "ಧಾರಾಳವಾಗಿ ಅಳಿಸಪ್ಪ, ನಕಲಿದೆ" ಅಂತ ಗುಂಡಿ ಒತ್ತಿದೆ.

ಕಂಪ್ಯೂಟರ್ ಏನೋ ಕುದುರೆ ಹಾಗೆ ಓಡಿತು. 'ಜೋಪಾನ' ಮಾತ್ರ ಎಲ್ಲೂ ಇಲ್ಲ. ಡಬ್ಬ ಹೊತ್ತುಕೊಂಡು ರಿಪೇರಿಯವನ ಹತ್ತಿರ ಓಡಿದೆ. ಅವನು ಏನೇನೋ ಮಾಡಿ ನೋಡಿ ತಲೆ ಅಲ್ಲಾಡಿಸಿದ.

"ಏನೂ ಉಳಿದಿಲ್ಲ. ಇನ್ನೊಂದು ಕೀನ ಬೀರುವಿನೊಳಗೇ ಇಟ್ಟುಬಿಟ್ಟಿದ್ದೀರಲ್ಲ ಸಾರ್!"

ಹೆಂಡತಿ ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. "ನಿಮಗೆ ಬೇಕಾಗಿದ್ದೂ ಅದೇ ತಾನೇ? ನಿಮ್ಮನ್ನ ಬೈಯೋ ಧ್ವನಿ ಹೋಯ್ತು, ನೆಮ್ಮದಿಯಾಗಿರಿ" ಅಂದು ಒಳಗೆ ಹೋದಳು. ದಡ್ಡ ಅನ್ನಿ, ಒಪ್ಪಿಕೊಳ್ತೀನಿ. ಆದರೆ ಬೇಕಂತಲೇ ಅಳಿಸಿದೆ ಅಂದರೆ ಹೊಟ್ಟೆ ಉರಿಯಲ್ವಾ? ಅತ್ತೆಯ ಬೈಗುಳ ಇಲ್ಲದೆ ನನಗೂ ಮನೆ ಬಿಕೋ ಅಂತಿತ್ತು. ಅದನ್ನ ಅವಳ ಹತ್ತಿರ ಒಂದು ದಿನವೂ ಬಾಯಿಬಿಟ್ಟು ಹೇಳಿರಲಿಲ್ಲ.

ಮಾರನೇ ದಿನ ಅಂಗಡಿಯಲ್ಲಿ ಮುಖ ಇಳಿಬಿಟ್ಟುಕೊಂಡು ಮೊಬೈಲ್ ತಿಕ್ತಾ ಕೂತಿದ್ದೆ. ಬಂದ ಮೆಸೇಜ್ ಅಳಿಸೋಕೂ ಸೋಮಾರಿ ನಾನು, ಎಲ್ಲ ಹಾಗೇ ರಾಶಿ ಬಿದ್ದಿತ್ತು. ಕೆಳಗೆ, ಇನ್ನೂ ಕೆಳಗೆ ಹೋದರೆ ಅತ್ತೆ ಕಳಿಸಿದ ಒಂದು ವಾಯ್ಸ್ ಮೆಸೇಜ್! ಗಿರಾಕಿ ನಿಂತಿದ್ದರೂ ಶಟರ್ ಎಳೆದು ಮನೆಗೆ ಓಡಿ, ಹೆಂಡತಿಗೆ ಅದನ್ನ ಹಾಕಿ ಕೇಳಿಸಿದೆ.

"ಅಳಿಯಂದಿರೇ, ಊರವರ ಬೀಗ ಎಲ್ಲ ಸರಿಮಾಡ್ತೀರಿ. ನಮ್ಮ ಹಿಂದಿನ ಬಾಗಿಲ ಬೀಗಕ್ಕೆ ಯಾವಾಗ ಮುಹೂರ್ತ? ಬರ್ತಾ ನನ್ನ ಗುಳಿಗೆ ತನ್ನಿ. ಮರೀತೀರಿ ಅಂತ ಗೊತ್ತು."

ಹೆಂಡತಿ ಫೋನನ್ನ ಕಿವಿಗೆ ಒತ್ತಿಕೊಂಡಳು. ಕಣ್ಣೀರು ಧಾರಾಕಾರ.

"ಗುಳಿಗೆ ತಂದಿದ್ರಾ?"

"ಮರೆತಿದ್ದೆ."

ಅಳ್ತಾ ಅಳ್ತಾನೇ ನಕ್ಕುಬಿಟ್ಟಳು. "ಮೊದಲು ಇದನ್ನ ಅಕ್ಕನಿಗೆ ಕಳಿಸಿ, ತಮ್ಮನಿಗೂ ಕಳಿಸಿ. ನಿಮ್ಮನ್ನ ಮಾತ್ರ ನಂಬಲ್ಲ" ಅಂದಳು. ಸರಿಯಾಗೇ ಹೇಳಿದಳು.

ಇಬ್ಬರಿಗೂ ಕಳಿಸಿ, ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಹಿಂದಿನ ಬಾಗಿಲಿಗೆ ಹೋದೆ. ಬೀಗ ಕೆಟ್ಟಿದ್ದ ಆ ಬಾಗಿಲಿಗೆ ಅತ್ತೆ ಕಟ್ಟಿದ್ದ ಹಗ್ಗ ಇನ್ನೂ ಹಾಗೇ ಇತ್ತು. ಬೀಗಕ್ಕೆ ಬೇಕಾಗಿದ್ದದ್ದು ಒಂದು ಸ್ಕ್ರೂ, ನಾಲ್ಕು ಹನಿ ಎಣ್ಣೆ, ಅಷ್ಟೇ. ಇಷ್ಟಕ್ಕೆ ಅವರನ್ನ ಅಷ್ಟು ಕಾಯಿಸಿದೆನಲ್ಲ!

ಒಳಗೆ ಹೆಂಡತಿ ಆ ಮೆಸೇಜನ್ನ ಮತ್ತೆ ಹಾಕಿದಳು, ಈ ಸಲ ಜೋರಾಗಿ. "ಯಾವಾಗ ಮುಹೂರ್ತ?"

"ಆಯ್ತು ಅತ್ತೆ, ಇಗೋ, ಸರಿಮಾಡಿದೆ!" ಅಂತ ನಾನೂ ಕೂಗಿ ಹೇಳಿದೆ. "ಇನ್ನು ನೀವು ಹೇಳಿದ್ದು ಯಾವುದೂ ಮರೆಯಲ್ಲ."

"ಮರೀತೀರಿ ಅಂತ ಗೊತ್ತು" ಅಂದರು ಅತ್ತೆ.